ಕರೆಂಟ್ ಹೋಗಿ ಕೆಟ್ಟ ಕ್ಯಾಮೆರಾ ಬೋರ್ಡ್

ಪ್ರಶ್ನೆ: ಮಗಳ ಪುಟ್ಟ ರೋಬೋದಲ್ಲಿ ಇಎಸ್‌ಪಿ32-ಕ್ಯಾಮ್ ಬೋರ್ಡ್ ಇದೆ. ಹೊಸ ಫರ್ಮ್‌ವೇರ್ (ಬೋರ್ಡನ್ನು ನಡೆಸುವ ಪ್ರೋಗ್ರಾಂ) ಹಾಕುವಾಗ ಕರೆಂಟ್ ಹೋಯಿತು. ಈಗ ಚಿತ್ರವೇ ಬರುತ್ತಿಲ್ಲ. ಬೋರ್ಡ್ ಎಸೆಯಬೇಕಾ ಸಾರ್?
– ಓದುಗರು, ಬಸವನಗುಡಿ

ಉತ್ತರ: ಖಂಡಿತ ಎಸೆಯಬೇಡಿ ಮೇಡಂ. ಚಿಪ್‌ನೊಳಗೆ ಅಳಿಸಲಾಗದ ಒಂದು ಚಿಕ್ಕ ಬೂಟ್ ಪ್ರೋಗ್ರಾಂ ಇರುತ್ತದೆ. ಫರ್ಮ್‌ವೇರ್ ಅರ್ಧಕ್ಕೆ ನಿಂತರೂ ಅದಕ್ಕೆ ಏನೂ ಆಗುವುದಿಲ್ಲ. ಅದರ ಮೂಲಕವೇ ಫರ್ಮ್‌ವೇರನ್ನು ಮತ್ತೆ ಹಾಕಬಹುದು.

ಈ ಬೋರ್ಡ್‌ಗೆ ಯುಎಸ್‌ಬಿ ಕಿಂಡಿ ಇಲ್ಲ, ಅಲ್ವಾ? ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ, ಲ್ಯಾಪ್‌ಟಾಪಿನ ಯುಎಸ್‌ಬಿಗೆ ಬೋರ್ಡ್ ಜೋಡಿಸುವ 'ಯುಎಸ್‌ಬಿ-ಸೀರಿಯಲ್ ಅಡಾಪ್ಟರ್' ಕೇಳಿ. ಅದರ ಸಿಗ್ನಲ್ 3.3 ವೋಲ್ಟ್‌ನದ್ದಾಗಿರಲಿ. ಅಡಾಪ್ಟರಿನ ಟಿಎಕ್ಸ್ (ಕಳಿಸುವ) ವೈರನ್ನು ಬೋರ್ಡಿನ ಯು0ಆರ್ ಪಿನ್‌ಗೆ, ಆರ್‌ಎಕ್ಸ್ (ಪಡೆಯುವ) ವೈರನ್ನು ಯು0ಟಿ ಪಿನ್‌ಗೆ ಕೊಡಿ. ಗ್ರೌಂಡ್‌ಗೆ ಗ್ರೌಂಡ್. ಬೋರ್ಡಿನ 5 ವೋಲ್ಟ್ ಪಿನ್‌ಗೆ ಒಳ್ಳೆಯ ಸಪ್ಲೈ ಕೊಡಿ. ಕರೆಂಟ್ ಸಾಲದಿದ್ದರೆ ಅದು ಸುಮ್ನೆ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಎಷ್ಟೋ ಜನ ಇದನ್ನೇ ಬೋರ್ಡ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಈಗ ಮುಖ್ಯ ಕೆಲಸ. ಐಒ0 ಅಂತ ಬರೆದ ಪಿನ್ನಿನ ಪಕ್ಕದಲ್ಲೇ ಗ್ರೌಂಡ್ ಪಿನ್ ಇದೆ. ಎರಡನ್ನೂ ಒಂದು ಜಂಪರ್ ವೈರ್‌ನಿಂದ ಸೇರಿಸಿ, ರೀಸೆಟ್ ಬಟನ್ ಒತ್ತಿ. ಬೋರ್ಡ್ ಕಳಿಸುವ ಸಾಲುಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್ ಕಿಟಕಿಯನ್ನು 115200 ವೇಗಕ್ಕೆ ಇಟ್ಟರೆ 'ವೇಟಿಂಗ್ ಫಾರ್ ಡೌನ್‌ಲೋಡ್' ಎಂಬ ಸಾಲು ಕಾಣುತ್ತದೆ. ಆ ಸಾಲು ಕಂಡರೆ ಬೋರ್ಡ್ ಬದುಕಿದೆ! ಮಾನಿಟರ್ ಮುಚ್ಚಿ, ಮತ್ತೊಮ್ಮೆ ರೀಸೆಟ್ ಒತ್ತಿ, ಹಳೆಯದನ್ನು ಪೂರ್ತಿ ಅಳಿಸಿ ಹೊಸ ಫರ್ಮ್‌ವೇರ್ ಹಾಕಿ. ಲ್ಯಾಪ್‌ಟಾಪ್ ಬ್ಯಾಟರಿ ಮೊದಲೇ ತುಂಬಿರಲಿ.

ಮುಗಿದ ಮೇಲೆ ಆ ಜಂಪರ್ ತೆಗೆದು ರೀಸೆಟ್ ಒತ್ತುವುದನ್ನು ಮರೆಯಬೇಡಿ. ಆಮೇಲೂ ಚಿತ್ರ ಬರದಿದ್ದರೆ ಕ್ಯಾಮೆರಾದ ಚಪ್ಪಟೆ ಪಟ್ಟಿಯ ಕಪ್ಪು ಲಾಕ್ ಎತ್ತಿ, ಪಟ್ಟಿಯನ್ನು ನೇರವಾಗಿ ಕೂರಿಸಿ. ಈ ಕೆಲಸ ಮಗಳ ಕೈಲೇ ಮಾಡಿಸಿ, ಅವಳ ಬೆರಳು ಸಣ್ಣ.