ನೀವು ಕೇಳಿದಿರಿ: ಸಂಜೆ ತಾರಸಿಯಲ್ಲಿ ಕೂರುವುದು ಹೇಗೆ?

ಪ್ರಶ್ನೆ: ನಮ್ಮದು 30x40 ಸೈಟಿನ ಮನೆ. ಮುಂದೆ ಬೈಕ್ ನಿಲ್ಲಿಸಿದರೆ ಜಾಗ ಮುಗೀತು, ಉಳಿದದ್ದು ತಾರಸಿ ಒಂದೇ. ಬೇಸಿಗೆಯಲ್ಲಿ ಸಂಜೆ ಏಳಾದರೂ ನೆಲ ಬಿಸಿ ಬಿಸಿ. ಶೀಟ್ ಹಾಕಿಸುವಷ್ಟು ದುಡ್ಡಿಲ್ಲ. ಏನು ಮಾಡಬಹುದು?
(ಓದುಗರು, ದಾವಣಗೆರೆ)

ಉತ್ತರ: ಶೀಟ್ ಹಾಕಿಸದೇ ಇದ್ದದ್ದು ಒಳ್ಳೇದೇ ಆಯ್ತು ಬಿಡಿ. ತಗಡು ತಾನೂ ಕಾದು ಕೆಳಗಿರುವವರನ್ನೂ ಬೇಯಿಸುತ್ತದೆ, ಮಳೆ ಬಂದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ.

ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನೇ ಬಿಡುತ್ತದೆ. ಹಾಗಾಗಿ ಸಂಜೆ ನೀರು ಚಿಮುಕಿಸುವುದಕ್ಕಿಂತ ಮಧ್ಯಾಹ್ನವೇ ನೆಲ ಕಾಯದಂತೆ ನೋಡಿಕೊಳ್ಳಬೇಕು. ಅದಕ್ಕೆ ಅಗ್ಗದ ದಾರಿ ಸುಣ್ಣ. ಸುಣ್ಣದ ಕಲ್ಲನ್ನು ಹಿಂದಿನ ದಿನವೇ ಕಬ್ಬಿಣದ ಡ್ರಮ್ಮಿನಲ್ಲಿ ನೆನೆಹಾಕಿ. ನೀರಿಗೆ ಬಿದ್ದ ಕೂಡಲೇ ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಬೇಡ, ಮಕ್ಕಳು ಹತ್ತಿರ ಬರಬಾರದು, ನಿಮ್ಮ ಕಣ್ಣೂ ಜೋಪಾನ. ತಣ್ಣಗಾದ ಮೇಲೆ ಸೋಸಿ, ಸ್ವಲ್ಪ ಫೆವಿಕಾಲ್ ಬೆರೆಸಿ, ಚೆನ್ನಾಗಿ ಗುಡಿಸಿ ತೊಳೆದ ತಾರಸಿಗೆ ಎರಡು ಸಲ ಬಳಿಯಿರಿ. ಮಳೆಗೆ ಹೋಗುತ್ತದೆ ನಿಜ, ಮುಂದಿನ ಬೇಸಿಗೆಗೆ ಮತ್ತೆ ಬಳಿದರಾಯ್ತು. ಕೆಳಗಿನ ಕೋಣೆಯೂ ತಂಪಾಗುತ್ತದೆ, ಅದು ಬೋನಸ್ಸು.

ಆಮೇಲೆ ನೆರಳು. ತಾರಸಿ ಪೂರ್ತಿ ಮುಚ್ಚಬೇಡಿ, ಪಡುವಣ ಬಿಸಿಲು ಬೀಳುವ ಮೂಲೆ ಸಾಕು. ಶೇಡ್ ನೆಟ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಎಷ್ಟು ಬಿಸಿಲು ತಡೆಯುತ್ತದೆ ಎಂಬುದೇ ಅದರ ಪರ್ಸೆಂಟು: ತರಕಾರಿಗೆ 50 ಪರ್ಸೆಂಟಿನದು, ಮನುಷ್ಯರು ಕೂರಲು 75ರದು. ಕಂಬಕ್ಕೆಂದು ತಾರಸಿಗೆ ಮಾತ್ರ ತೂತು ಕೊರೆಸಬೇಡಿ, ಮಳೆಗಾಲದಲ್ಲಿ ಅಲ್ಲಿಂದಲೇ ಸೋರುತ್ತದೆ. ಖಾಲಿ ಪೇಂಟ್ ಡಬ್ಬದಲ್ಲಿ ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿಸಿ, ಪೈಪನ್ನು ಪ್ಯಾರಾಪೆಟ್ಟಿಗೂ ಹಗ್ಗದಿಂದ ಬಿಗಿಯಿರಿ. ನೆಟ್ಟನ್ನು ಕೊಕ್ಕೆ ಹಾಕಿ ಕಟ್ಟಿ, ಮೇ ತಿಂಗಳ ಗಾಳಿಮಳೆ ಎದ್ದಾಗ ಬಿಚ್ಚಿ ಸುತ್ತಿಡುವ ಹಾಗಿರಲಿ. ಇಲ್ಲದಿದ್ದರೆ ಕಂಬದ ಸಮೇತ ಪಕ್ಕದ ಮನೆಗೆ ಹೋಗುತ್ತದೆ!

ಕೂರಲು ಎರಡೂ ಕಡೆ ಸಿಮೆಂಟ್ ಬ್ಲಾಕ್, ಮೇಲೊಂದು ಕಡಪ ಕಲ್ಲು. ಕಲ್ಲಿನಂಗಡಿಯಲ್ಲಿ ಉಳಿದ ತುಂಡು ಕೇಳಿ, ಕಡಿಮೆಗೆ ಕೊಡುತ್ತಾರೆ. ಉದ್ದ ಜಾಸ್ತಿ ಇದ್ದರೆ ನಡುವೆಯೂ ಬ್ಲಾಕ್ ಇಡಿ, ಕಡಪ ಹೇಳದೆ ಕೇಳದೆ ಮುರಿಯುತ್ತದೆ. ಗಿಡದ ಮಾತು ಇದೆಲ್ಲ ಆದ ಮೇಲೆ. ಎಲ್ಲರೂ ಮೊದಲು ಕುಂಡ ತಂದು ಸಾಲಾಗಿ ಜೋಡಿಸುತ್ತಾರೆ, ಕೂರಲು ಜಾಗವಿಲ್ಲದ ತಾರಸಿಗೆ ನೀರು ಹಾಕಲು ಬಿಟ್ಟರೆ ಯಾರೂ ಹತ್ತುವುದಿಲ್ಲ, ಅಲ್ವಾ?

ಪ್ರಶ್ನೆ: ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿ. ಅಮ್ಮ ಬಾವಿಕಟ್ಟೆಗೆ ಹೋಗುವಾಗ ಜಾರುತ್ತಾರೆಂಬ ಭಯ. ಇಂಟರ್‌ಲಾಕ್ ದುಬಾರಿ.
(ಓದುಗರು, ಕುಂದಾಪುರ)

ಉತ್ತರ: ಅಂಗಳ ಪೂರ್ತಿ ಯಾಕೆ, ಅಮ್ಮ ನಡೆಯುವ ದಾರಿಯಷ್ಟೇ ಸರಿ ಮಾಡಿ. ನಿಮ್ಮ ಕಡೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಸಿಗುತ್ತದಲ್ಲ, ಅದನ್ನು ಅಡ್ಡಡ್ಡ ಹಾಸಿದರೆ ಒಂದು ಮಳೆಗಾಲ ಕಳೆಯುತ್ತದೆ. ಕಾಯಂ ಬೇಕೆಂದರೆ ದೊರಗು ಚಪ್ಪಡಿ ಹಾಕಿಸಿ ಸುತ್ತ ಜಲ್ಲಿ ತುಂಬಿಸಿ. ನುಣುಪು ಟೈಲ್ಸ್ ಯಾರು ಹೇಳಿದರೂ ಬೇಡ. ಈಗಿರುವ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಿಂದ ಉಜ್ಜಿ, ಆದರೆ ಬಾವಿಯ ಹತ್ತಿರ ಪೌಡರ್ ಬೇಡ, ಬರೀ ಪೊರಕೆ.

ಪ್ರಶ್ನೆ: ಬಾಡಿಗೆ ಮನೆ, ಮೂರಡಿ ಬಾಲ್ಕನಿ. ಓನರ್ ಮೊಳೆ ಹೊಡೆಯಲೂ ಬಿಡಲ್ಲ.
(ಓದುಗರು, ಬೆಂಗಳೂರು)

ಉತ್ತರ: ಮೊಳೆ ಬೇಡ, ಗ್ರಿಲ್ ಇದ್ದರೆ ಬಿದಿರಿನ ಪರದೆಯನ್ನು ಹಗ್ಗದಲ್ಲಿ ಕಟ್ಟಿ. ಮಡಚುವ ಸ್ಟೂಲು ಎರಡು ಸಾಕು. ಕುಂಡಕ್ಕೆ ಬರೀ ಮಣ್ಣು ತುಂಬಿದರೆ ನೆನೆದಾಗ ಭಾರ, ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ. ಕುಂಡವನ್ನು ಕಂಬಿಯ ಒಳಬದಿಗೇ ನೇತುಹಾಕಿ, ಕೆಳಗೆ ಜನ ಓಡಾಡುತ್ತಾರೆ. ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಿ, ಡೆಂಗಿ ಸೊಳ್ಳೆ ಮರಿ ಮಾಡುವುದು ಇಂಥ ತಿಳಿನೀರಿನಲ್ಲೇ. ಪ್ಲಾಸ್ಟಿಕ್ ಹುಲ್ಲಿನ ಮ್ಯಾಟಿಗೆ ದುಡ್ಡು ಸುರಿಯಬೇಡಿ, ಬಿಸಿಲಿಗೆ ಕಾಯುತ್ತದೆ, ಒದ್ದೆಯಾದರೆ ನಾರುತ್ತದೆ.