ಆಫೀಸ್ ಚಾಟ್ ನಿಲ್ಲುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ವರ್ಷಗಟ್ಟಲೆ ಬಳಸಿದ ಆಫೀಸ್ ಚಾಟ್ ವೇದಿಕೆಯನ್ನು ಕಂಪನಿಯೇ ನಿಲ್ಲಿಸಿಬಿಡುವುದು ಈಗ ಅಪರೂಪದ ಸಂಗತಿಯಲ್ಲ. ಹಿಪ್‌ಚಾಟ್ 2019ರಲ್ಲಿ ಹೋಯಿತು, ಸ್ಕೈಪ್ ಫಾರ್ ಬಿಸಿನೆಸ್ ಆನ್‌ಲೈನ್ 2021ರಲ್ಲಿ, ಗೂಗಲ್ ಹ್ಯಾಂಗ್‌ಔಟ್ಸ್ 2022ರಲ್ಲಿ, ಸ್ಕೈಪ್ 2025ರ ಮೇ 5ಕ್ಕೆ. ಈ ವಿಷಯವಾಗಿ ಬೆಂಗಳೂರಿನ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆ, 140 ಜನ, ಮೂರು ಪಾಳಿ. ನಾವು ಬಳಸುವ ಚಾಟ್ ಆ್ಯಪ್ ಐದು ತಿಂಗಳಲ್ಲಿ ನಿಲ್ಲುತ್ತದೆ ಎಂದು ಮೇಲ್ ಬಂದಿದೆ. "ಇನ್ನೂ ಬೇಕಾದಷ್ಟು ಟೈಮಿದೆ" ಅನ್ನುತ್ತಾರೆ ಮಾಲೀಕರು. ಎಲ್ಲಿಂದ ಶುರು ಮಾಡಲಿ?
— ಕಾರ್ಖಾನೆ ವ್ಯವಸ್ಥಾಪಕರು, ಪೀಣ್ಯ

ಮೊದಲು ಆ ಮೇಲನ್ನು ಕೊನೆಯ ಸಾಲಿನವರೆಗೆ ಓದಿ. ಸಾಮಾನ್ಯವಾಗಿ ಅದರಲ್ಲಿ ಒಂದಕ್ಕಿಂತ ಹೆಚ್ಚು ತಾರೀಕುಗಳಿರುತ್ತವೆ: ಹೊಸ ಸಂದೇಶ ಬರೆಯಲು ಕೊನೆಯ ದಿನ, ಹಳೆಯದನ್ನು ಓದಲು ಮತ್ತು ಇಳಿಸಿಕೊಳ್ಳಲು ಕೊನೆಯ ದಿನ, ಎಲ್ಲವನ್ನೂ ಅಳಿಸುವ ದಿನ. ಮೆಟಾ ಕಂಪನಿ ತನ್ನ ವರ್ಕ್‌ಪ್ಲೇಸ್ ಅನ್ನು ನಿಲ್ಲಿಸುವುದಾಗಿ 2024ರ ಮೇನಲ್ಲಿ ಹೇಳಿತು. ಮಾಮೂಲಿ ಬಳಕೆಗೆ 2025ರ ಆಗಸ್ಟ್ 31 ಕೊನೆಯಾಯಿತು. ಅಲ್ಲಿಂದ 2026ರ ಮೇ 31ರವರೆಗಿನ ಅವಧಿ ಬರೀ ಓದಿಕೊಳ್ಳಲು, ಇಳಿಸಿಕೊಳ್ಳಲು. ಎರಡು ವರ್ಷ ಸಿಕ್ಕಂತೆ ಕಂಡರೂ ಕೆಲಸಕ್ಕೆ ಒದಗಿದ್ದು ಹದಿನೈದು ತಿಂಗಳು ಚಿಲ್ಲರೆ. ಹಿಪ್‌ಚಾಟ್ ಬಳಸುತ್ತಿದ್ದವರಿಗೆ ಅದೂ ಇರಲಿಲ್ಲ. 2018ರ ಜುಲೈ ಕೊನೆಗೆ ಸುದ್ದಿ ಬಂತು, 2019ರ ಫೆಬ್ರುವರಿ 15ಕ್ಕೆ ಸೇವೆ ಮುಗಿಯಿತು.

ಮೇಲ್‌ನಲ್ಲಿ ಇಲ್ಲದ ಇನ್ನೊಂದು ತಾರೀಕು ನಿಮ್ಮ ಬಿಲ್‌ನಲ್ಲಿದೆ. ವಾರ್ಷಿಕ ಚಂದಾ ಸೇವೆ ನಿಲ್ಲುವ ದಿನಕ್ಕಿಂತ ಎರಡು ತಿಂಗಳು ಮೊದಲೇ ಮುಗಿದರೆ ಅಡ್ಮಿನ್ ಖಾತೆಯ ಅಧಿಕಾರ ಕಡಿತವಾಗಬಹುದು, ಆಗ ಇಳಿಸಿಕೊಳ್ಳುವ ಬಟನ್ನೇ ಕಾಣುವುದಿಲ್ಲ. ಕೊನೆಯ ತಿಂಗಳುಗಳಿಗೆ ತಿಂಗಳ ಲೆಕ್ಕದಲ್ಲಿ ಮುಂದುವರಿಸುತ್ತಾರೆಯೇ ಎಂದು ಇವತ್ತೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಮಾಲೀಕರಿಗೆ ಲೆಕ್ಕವನ್ನು ಕೊನೆಯ ದಿನದಿಂದ ಹಿಂದಕ್ಕೆ ತೋರಿಸಿ. ಐದು ತಿಂಗಳೆಂದರೆ ಸುಮಾರು 21 ವಾರ. ಕೊನೆಯ ನಾಲ್ಕು ವಾರ ನಿಮ್ಮದಲ್ಲ ಎಂದುಕೊಳ್ಳಿ, ಏಕೆಂದರೆ ಆಗ ಎಲ್ಲ ಗ್ರಾಹಕರೂ ಒಟ್ಟಿಗೆ ಡೇಟಾ ಇಳಿಸಲು ನುಗ್ಗುತ್ತಾರೆ, ಸಹಾಯ ಕೇಳಿದರೆ ಉತ್ತರ ತಡವಾಗುತ್ತದೆ. ಉಳಿದ 17ರಲ್ಲಿ ಪಟ್ಟಿ ಮಾಡಲು ಎರಡು ವಾರ, ಎರಡು ಹೊಸ ಆ್ಯಪ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಲು ನಾಲ್ಕು, ಕೊಟೇಶನ್ನು, ಪರ್ಚೇಸ್ ಆರ್ಡರು, ಒಪ್ಪಿಗೆ ಎಂದು ಎರಡು, ಖಾತೆ ತೆರೆಯಲು ಒಂದು, ಒಂದೇ ವಿಭಾಗದಲ್ಲಿ ಪರೀಕ್ಷೆಗೆ ಎರಡು, ಎಲ್ಲರನ್ನೂ ಕರೆತರಲು ನಾಲ್ಕು. ಒಟ್ಟು 15. ಮಿಕ್ಕ ಎರಡು ವಾರವನ್ನು ಆಯುಧಪೂಜೆಯೋ ದೀಪಾವಳಿಯೋ ಮಾರ್ಚ್ ಕೊನೆಯ ಲೆಕ್ಕಪತ್ರವೋ ನುಂಗಿಬಿಡುತ್ತದೆ. ಹೊಸ ಆ್ಯಪ್‌ಗೆ ದಾಟುವ ದಿನ ತಿಂಗಳ ನಡುವೆ ಇರಲಿ, ಬೆಳಿಗ್ಗೆಯ ಪಾಳಿ ಬದಲಾಗುವ ಹೊತ್ತಿಗಿರಲಿ. ರಾತ್ರಿ ಪಾಳಿಯವರ ಮೊದಲ ಅನುಭವ, ಸಹಾಯಕ್ಕೆ ಯಾರೂ ಇಲ್ಲದ ನಡುರಾತ್ರಿಯಲ್ಲಿ ಆಗಬಾರದು.

ಪಟ್ಟಿಯ ಕೆಲಸವನ್ನು ಮಾತ್ರ ಹಗುರವಾಗಿ ನೋಡಬೇಡಿ. ಒಂದು ಎಕ್ಸೆಲ್ ಶೀಟಿನಲ್ಲಿ ಪ್ರತಿ ಗ್ರೂಪಿಗೂ ಒಂದು ಸಾಲು: ಹೆಸರು, ಹೊಣೆ ಯಾರದು, ಕೊನೆಯ ಸಂದೇಶ ಯಾವತ್ತಿನದು, ಯಾವ ಕೆಲಸಕ್ಕೆ, ಹೊರಗಿನವರು (ಸರಬರಾಜುದಾರರು, ಗ್ರಾಹಕರು) ಇದ್ದಾರೆಯೇ, ಯಾವುದಾದರೂ ಯಂತ್ರ ಅಥವಾ ತಂತ್ರಾಂಶ ಅದರಲ್ಲಿ ತಾನಾಗಿ ಸಂದೇಶ ಹಾಕುತ್ತದೆಯೇ. ಆರು ತಿಂಗಳಿಂದ ಯಾರೂ ಬರೆಯದ ಗ್ರೂಪುಗಳನ್ನು ಹೊಸ ಕಡೆಗೆ ಒಯ್ಯುವುದೇ ಬೇಡ, ಅವುಗಳ ಪ್ರತಿ ಸಾಕು. ಕೆಲಸ ಬಿಟ್ಟುಹೋದವರ ಹೆಸರಿನಲ್ಲಿರುವ ಗ್ರೂಪುಗಳು ಈ ಪಟ್ಟಿಯಲ್ಲಿ ಸಿಕ್ಕೇ ಸಿಗುತ್ತವೆ. ಅವುಗಳ ಯಜಮಾನಿಕೆಯನ್ನು ಈಗಲೇ ಬದಲಿಸಿ.

ಪ್ರಶ್ನೆ: ಹಳೆಯ ಸಂದೇಶಗಳನ್ನೆಲ್ಲ ಇಳಿಸಿಕೊಂಡೆವು. ಜಿಪ್ ಬಿಚ್ಚಿದರೆ ನೂರಾರು ಜೇಸನ್ (ಡೇಟಾವನ್ನು ಬರಹರೂಪದಲ್ಲಿ ಇಡುವ) ಫೈಲುಗಳು. ಎಕ್ಸೆಲ್‌ಗೆ ಹಾಕಿದರೆ ಕನ್ನಡವೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗಿವೆ. ಡೇಟಾ ಹೋಯಿತೇ?
— ಎಚ್‌ಆರ್ ವಿಭಾಗ, ಬೊಮ್ಮಸಂದ್ರ

ಇನ್ನೂ ಹೋಗಿಲ್ಲ. ಆದರೆ ಆ ಎಕ್ಸೆಲ್ ಫೈಲನ್ನು ಸೇವ್ ಮಾಡದೆ ಮುಚ್ಚಿ. ಕಣ್ಣಿಗೆ ಬೀಳುವ ದೋಷದಲ್ಲಿ ಮೂರು ಬಗೆ. ಬರೀ ಚೌಕಗಳಿದ್ದರೆ ಅಕ್ಷರ ಸರಿಯಾಗಿವೆ, ಫಾಂಟ್ ಇಲ್ಲ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಅಥವಾ ತುಂಗಾ ಆರಿಸಿದರೆ ಓದಬಹುದು. ತಲೆಯ ಮೇಲೆ ಗೆರೆಯಿರುವ ಇಂಗ್ಲಿಷ್ ಅಕ್ಷರ, ಪುಟಾಣಿ ಅಂಕಿ ಕಂಡರೆ ಯುಟಿಎಫ್-8ರಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಒಂದು ರೂಪ) ಇರುವ ಫೈಲನ್ನು ಎಕ್ಸೆಲ್ ಬೇರೆ ಸಂಕೇತದಲ್ಲಿ ತೆರೆದಿದೆ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಆ ಪ್ರತಿ ಕೆಟ್ಟಿತು, ಮೂಲ ಜಿಪ್‌ನಿಂದಲೇ ಮತ್ತೆ ಶುರು ಮಾಡಬೇಕು. ಹಾಗಾಗಿ ಮೂಲ ಜಿಪ್ ಅನ್ನು ಯಾರೂ ಮುಟ್ಟದ ಕಡೆ ಇಟ್ಟು, ಅದರ ಪ್ರತಿಯ ಮೇಲೆ ಕೆಲಸ ಮಾಡಿ.

ಜೇಸನ್ ಅನ್ನು ಸಿಎಸ್‌ವಿಗೆ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಟ್ಟಿಯ ಫೈಲು) ಬದಲಿಸಿಕೊಂಡ ಮೇಲೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಒತ್ತಿ, 'ಫೈಲ್ ಒರಿಜಿನ್' ಎಂಬಲ್ಲಿ 65001 ಯೂನಿಕೋಡ್ ಆರಿಸಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಲಗತ್ತುಗಳಿದ್ದರೆ ಅವು ಯೂನಿಕೋಡ್ ಅಲ್ಲ, ಪರಿವರ್ತಕದಲ್ಲಿ ಹಾಯಿಸಲೇಬೇಕು. ಹೊಸ ವೇದಿಕೆಯ ಹುಡುಕಾಟಕ್ಕೆ ಅವು ಸಿಗುವುದು ಆಮೇಲೆಯೇ.

ಕನ್ನಡ ಸರಿಹೋಯಿತು ಎಂದು ಅಲ್ಲಿಗೇ ನಿಲ್ಲಬೇಡಿ, ಸಮಯವನ್ನೂ ನೋಡಿ. ಸ್ಲ್ಯಾಕ್‌ನಂಥ ವೇದಿಕೆಗಳಿಂದ ಇಳಿಸಿದ ಫೈಲಿನಲ್ಲಿ ಸಮಯ 1735689600 ಎಂಬಂಥ ಹತ್ತಂಕಿಯ ಸಂಖ್ಯೆಯಾಗಿರುತ್ತದೆ. 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು ಅವು, ಅದೂ ಗ್ರೀನಿಚ್ ಕಾಲಕ್ಕೆ. ಈ ಸಂಖ್ಯೆಗೆ 19,800 ಕೂಡಿಸಿ, 86,400ರಿಂದ ಭಾಗಿಸಿ, 25,569 ಕೂಡಿಸಿ, ಸೆಲ್ ಅನ್ನು ದಿನಾಂಕದ ರೂಪಕ್ಕೆ ಬದಲಿಸಿದರೆ 2025ರ ಜನವರಿ 1, ಬೆಳಿಗ್ಗೆ 5:30 ಎಂದು ಬರುತ್ತದೆ. 19,800 ಎನ್ನುವುದು ನಮ್ಮ ಐದೂವರೆ ಗಂಟೆಯ ಅಂತರ. ಅದನ್ನು ಬಿಟ್ಟರೆ ರಾತ್ರಿ ಎರಡು ಗಂಟೆಯ ಸಂದೇಶ ಹಿಂದಿನ ದಿನ ರಾತ್ರಿ ಎಂಟೂವರೆಗೆ ಬಂದಂತೆ ಕಾಣುತ್ತದೆ, ಪಾಳಿ ಹಾಜರಾತಿಯ ತಕರಾರಿನಲ್ಲಿ ಅದೇ ದೊಡ್ಡ ಗೋಜಲು.

ಲಗತ್ತುಗಳ ವಿಷಯದಲ್ಲಿ ಜನ ಹೆಚ್ಚು ಮೋಸಹೋಗುತ್ತಾರೆ. ಅನೇಕ ವೇದಿಕೆಗಳ ಜಿಪ್‌ನಲ್ಲಿ ಫೋಟೊ, ಪಿಡಿಎಫ್ ಇರುವುದಿಲ್ಲ, ಅವುಗಳ ಕೊಂಡಿ ಮಾತ್ರ ಇರುತ್ತದೆ. ಸೇವೆ ನಿಂತ ದಿನ ಆ ಕೊಂಡಿಯೂ ಸತ್ತಿತು. ಖಾಸಗಿ ಗ್ರೂಪು, ಇಬ್ಬರ ನಡುವಿನ ಮಾತು ಎಷ್ಟೋ ಕಡೆ ಅಗ್ಗದ ಪ್ಲಾನಿನ ಅಡ್ಮಿನ್‌ಗೆ ಸಿಗುವುದೇ ಇಲ್ಲ. ಆದ್ದರಿಂದ ಇಂಟರ್ನೆಟ್ ಸಂಪರ್ಕವೇ ಇಲ್ಲದ ಕಂಪ್ಯೂಟರಿನಲ್ಲಿ ಜಿಪ್ ತೆರೆದು, ಹತ್ತು ಹಳೆಯ ಸಂದೇಶ, ಹತ್ತು ಲಗತ್ತು ಹುಡುಕಿ ನೋಡಿ. ಸಿಗದಿದ್ದರೆ ಸೇವೆ ಇನ್ನೂ ನಡೆಯುತ್ತಿರುವಾಗಲೇ ಗೊತ್ತಾಯಿತಲ್ಲ, ಸರಿಪಡಿಸಲು ದಾರಿಯಿದೆ.

ಪ್ರಶ್ನೆ: ಹೊಸ ಆ್ಯಪ್ ಯಾಕೆ? ಎಲ್ಲರ ಫೋನಿನಲ್ಲೂ ವಾಟ್ಸ್ಆ್ಯಪ್ ಇದೆಯಲ್ಲ?
— ಸಗಟು ಬಟ್ಟೆ ವ್ಯಾಪಾರಿ, ಚಿಕ್ಕಪೇಟೆ

ನಾಲ್ಕೈದು ಜನರ ಅಂಗಡಿಯಾದರೆ ಅದೇ ಸಾಕು, ದುಡ್ಡು ಸುರಿಯಬೇಡಿ. ಹತ್ತಿಪ್ಪತ್ತು ಜನ ದಾಟಿದರೆ ನಮ್ಮ ಸಲಹೆ ಬೇಡ ಎಂದೇ. ಗ್ರೂಪಿಗೆ 1,024 ಜನರನ್ನು ಸೇರಿಸಬಹುದು, ತೊಂದರೆ ಅಲ್ಲಿಲ್ಲ. ಖಾತೆ ಇರುವುದು ನೌಕರರ ಸ್ವಂತ ನಂಬರಿನಲ್ಲಿ. ಅವರು ಕೆಲಸ ಬಿಟ್ಟರೆ ನಿಮ್ಮ ದರಪಟ್ಟಿ, ಗಿರಾಕಿಯ ಜೊತೆ ಆಡಿದ ಮಾತು ಅವರ ಜೊತೆಗೇ ಹೋಗುತ್ತದೆ, ವಾಪಸ್ ಕೇಳಲು ನಿಮಗೆ ದಾರಿಯಿಲ್ಲ. ಚಾಟ್ ಎಕ್ಸ್‌ಪೋರ್ಟ್ ಇದೆಯಾದರೂ ಒಂದೊಂದೇ ಗ್ರೂಪ್ ಮಾಡಬೇಕು. ಫೋಟೊ ಸಮೇತ ಇತ್ತೀಚಿನ 10,000 ಸಂದೇಶ, ಫೋಟೊ ಬಿಟ್ಟರೆ 40,000, ಅಷ್ಟಕ್ಕೇ ಮಿತಿ.

ನಿಮ್ಮ ಪ್ರಶ್ನೆಯ ಹಿಂದೆ ಒಂದು ನಿಜ ಇದೆ. ಗೋದಾಮಿನವರಿಗೆ, ಡ್ರೈವರ್‌ಗಳಿಗೆ ಆಫೀಸಿನ ಮೇಲ್ ಐಡಿ ಇರುವುದಿಲ್ಲ. ಮೇಲ್ ಇಲ್ಲದೆ, ಮೊಬೈಲ್ ನಂಬರ್ ಅಥವಾ ನೌಕರರ ಸಂಖ್ಯೆಯಿಂದ ಒಳಹೋಗಲು ಬಿಡುವ ಆ್ಯಪ್ ಆರಿಸಿ. ಕನ್ನಡದಲ್ಲಿ ಟೈಪ್ ಮಾಡಿದ ಪದ ಹುಡುಕಾಟದಲ್ಲಿ ಸಿಗುತ್ತದೆಯೇ ಎಂದೂ ಕೊಳ್ಳುವ ಮೊದಲೇ ನೋಡಿ.

ಪ್ರಶ್ನೆ: ದರ ಒಪ್ಪಿಗೆ, ಖರ್ಚಿನ ಅನುಮತಿ ಎಲ್ಲ ಚಾಟ್‌ನಲ್ಲೇ ಆಗಿವೆ. ಎಷ್ಟು ವರ್ಷ ಇಟ್ಟುಕೊಳ್ಳಬೇಕು? ಕೋರ್ಟಿನಲ್ಲಿ ನಡೆಯುತ್ತದೆಯೇ?
— ಲೆಕ್ಕಪತ್ರ ವಿಭಾಗ, ಜಯನಗರ

ಕಂಪನಿ ಕಾಯ್ದೆ 2013ರ 128ನೇ ಸೆಕ್ಷನ್ನಿನಂತೆ ಲೆಕ್ಕದ ಪುಸ್ತಕಗಳನ್ನೂ ಅವುಗಳಿಗೆ ಸಂಬಂಧಿಸಿದ ವೋಚರ್‌ಗಳನ್ನೂ ಎಂಟು ಹಣಕಾಸು ವರ್ಷ ಇಡಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ನಿನಲ್ಲಿ, ವಾರ್ಷಿಕ ರಿಟರ್ನ್ ಸಲ್ಲಿಸಲು ಕೊನೆಯ ದಿನದಿಂದ 72 ತಿಂಗಳು. ಚಾಟ್ ತಾನೇ ಲೆಕ್ಕದ ಪುಸ್ತಕವಲ್ಲ. ಆದರೆ ಒಂದು ವೋಚರ್‌ಗೆ ಇರುವ ಒಂದೇ ಆಧಾರ "ಸರಿ, ಕಳಿಸಿ" ಎಂಬ ಚಾಟ್ ಸಂದೇಶವಾಗಿದ್ದರೆ, ಆ ಸಂಭಾಷಣೆಯನ್ನು ಪಿಡಿಎಫ್ ಮಾಡಿ ವೋಚರ್ ಜೊತೆಗೇ ಸೇರಿಸಿ.

ಸಾಕ್ಷ್ಯದ ಮಾತಿಗೆ ಬಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೇಳುತ್ತದೆ, ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆದ, ಅದರ ಬೆರಳಚ್ಚಿನಂಥ ಸಂಕೇತ) ಬರೆಯಲು ಜಾಗವಿದೆ. ಜಿಪ್ ಇಳಿಸಿದ ದಿನವೇ ವಿಂಡೋಸ್‌ನ ಸರ್ಟ್‌ಯುಟಿಲ್ ಆದೇಶದಿಂದ ಎಸ್‌ಎಚ್‌ಎ-256 ಹ್ಯಾಶ್ ತೆಗೆದು, ತಾರೀಕು, ಇಳಿಸಿದವರ ಹೆಸರು, ಯಾವ ಕಂಪ್ಯೂಟರ್ ಎಂದು ಬರೆದು ಸಹಿ ಮಾಡಿಸಿ. ಮುಂದೆ ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಆ ಹ್ಯಾಶ್ ಹೊಂದುವುದಿಲ್ಲ. ಎರಡು ಪ್ರತಿ ಬೇರೆ ಬೇರೆ ಜಾಗದಲ್ಲಿರಲಿ. ವ್ಯಾಜ್ಯ ನಡೆಯುತ್ತಿರುವ ವಿಷಯದ ಗ್ರೂಪುಗಳಲ್ಲಿ ಏನನ್ನೂ ಅಳಿಸಬೇಡಿ, ಮೊದಲು ವಕೀಲರನ್ನು ಕೇಳಿ. ಉಳಿದದ್ದರಲ್ಲಿ ನೌಕರರ ಆಧಾರ್ ಪ್ರತಿ, ವೈದ್ಯಕೀಯ ಚೀಟಿಯಂಥವನ್ನು "ಇರಲಿ" ಎಂದು ಹೊಸ ಕಡೆಗೆ ತುಂಬುವುದು ತಪ್ಪು.

ಪ್ರಶ್ನೆ: ಸರ್ವರ್ ಕೆಟ್ಟರೆ ಚಾಟ್‌ಗೆ ಎಚ್ಚರಿಕೆ ಬರುವಂತೆ ಮಾಡಿದ್ದೇವೆ. ಇಂಥ ಜೋಡಣೆಗಳು ಎಷ್ಟಿವೆ ಎಂಬುದೇ ಗೊತ್ತಿಲ್ಲ.
— ಸಾಫ್ಟ್‌ವೇರ್ ತಂಡ, ಎಚ್‌ಎಸ್‌ಆರ್ ಲೇಔಟ್

ಇಡೀ ಬದಲಾವಣೆಯಲ್ಲಿ ನಮಗೆ ಹೆಚ್ಚು ಭಯ ಇದರದ್ದೇ. ಎಚ್ಚರಿಕೆ ಬಾರದಿದ್ದರೆ ಎಲ್ಲ ಸರಿಯಿದೆ ಎಂದೇ ಜನ ತಿಳಿಯುತ್ತಾರೆ. ವೆಬ್‌ಹುಕ್ ವಿಳಾಸ (ಬೇರೆ ತಂತ್ರಾಂಶ ಚಾಟ್‌ಗೆ ಸಂದೇಶ ಕಳಿಸುವ ವೆಬ್ ವಿಳಾಸ) ಸತ್ತಾಗ ಸಾಮಾನ್ಯವಾಗಿ 404 ಅಥವಾ 410 ಎಂಬ ದೋಷದ ಉತ್ತರ ಬರುತ್ತದೆ, ಆದರೆ ಹೆಚ್ಚಿನ ಸ್ಕ್ರಿಪ್ಟುಗಳು ಅದನ್ನು ಓದುವುದೇ ಇಲ್ಲ.

ಹಳೆಯ ವೇದಿಕೆಯ ಡೊಮೇನ್ ಹೆಸರನ್ನು ಎಲ್ಲ ಕೋಡ್ ರೆಪಾಸಿಟರಿಗಳಲ್ಲಿ, ಜೆಂಕಿನ್ಸ್, ಗ್ರಫಾನಾದಂಥ ತಂತ್ರಾಂಶಗಳ ಸೆಟ್ಟಿಂಗುಗಳಲ್ಲಿ, ಸರ್ವರ್‌ಗಳ ಕ್ರಾನ್ ಪಟ್ಟಿಯಲ್ಲಿ (ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕೆಲಸಗಳ ಪಟ್ಟಿ), ಗೂಗಲ್ ಫಾರ್ಮ್‌ಗೆ ಅಂಟಿಸಿದ ಸ್ಕ್ರಿಪ್ಟುಗಳಲ್ಲಿ ಹುಡುಕಿ. ಕೊನೆಯದನ್ನು ಮರೆಯುವವರೇ ಹೆಚ್ಚು. ಎರಡು ವಾರ ಎರಡೂ ಕಡೆ ಸಂದೇಶ ಹೋಗಲಿ. ಹೊಸ ಗ್ರೂಪಿಗೆ ದಿನಾ ಬೆಳಿಗ್ಗೆ 10ಕ್ಕೆ "ಎಚ್ಚರಿಕೆ ವ್ಯವಸ್ಥೆ ಚಾಲೂ ಇದೆ" ಎಂಬ ಸಂದೇಶ ತಾನಾಗಿ ಬರುವಂತೆ ಮಾಡಿ, ಅದು ಬಾರದ ದಿನ ಯಾರು ನೋಡಬೇಕೆಂದು ಹೆಸರಿಟ್ಟು ಹೇಳಿ. ನಿಜವಾಗಿ ತುರ್ತಿನವು ಚಾಟ್ ಒಂದನ್ನೇ ನೆಚ್ಚದೆ ಫೋನ್ ಕರೆಯಾಗಿಯೂ ಹೋಗಬೇಕು.

ಪ್ರಶ್ನೆ: ಹೊಸದನ್ನು ಕೊಟ್ಟು ತಿಂಗಳಾಯಿತು, ಅರ್ಧ ಜನ ಇನ್ನೂ ಹಳೆಯದರಲ್ಲೇ ಇದ್ದಾರೆ.
— ಆಡಳಿತ ವಿಭಾಗ, ಮಾರತಹಳ್ಳಿ

ಎರಡೂ ತೆರೆದಿದ್ದರೆ ಜನ ಹಳೆಯದಕ್ಕೇ ಹೋಗುತ್ತಾರೆ, ಅದು ಸಹಜ. ಎರಡನ್ನೂ ಒಟ್ಟಿಗೆ ನಡೆಸುವುದು ಎರಡು ವಾರ ಮೀರಬಾರದು. ಹಳೆಯ ಗ್ರೂಪುಗಳನ್ನು ಒಂದೊಂದಾಗಿ ಓದಲು ಮಾತ್ರ ಎಂದು ಬದಲಿಸಿ, ಮೇಲ್ಗಡೆ ಹೊಸ ಗ್ರೂಪಿನ ಕೊಂಡಿ ಪಿನ್ ಮಾಡಿ. ಮೊದಲು ಸಾಗಿಸಬೇಕಾದ್ದು ಕ್ಯಾಬ್ ಸಮಯ, ಪಾಳಿ ಪಟ್ಟಿ, ಕ್ಯಾಂಟೀನ್ ಗ್ರೂಪುಗಳನ್ನು. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಕ್ಯಾಬ್ ಎಲ್ಲಿದೆ ಎಂದು ನೋಡಲಿಕ್ಕಾದರೂ ಪ್ರತಿಯೊಬ್ಬರೂ ಹೊಸ ಆ್ಯಪ್ ತೆರೆಯುತ್ತಾರೆ. ಮ್ಯಾನೇಜರ್‌ಗಳು ಹಳೆಯ ಕಡೆ ಬಂದ ಪ್ರಶ್ನೆಗೂ ಹೊಸ ಕಡೆಯೇ ಉತ್ತರಿಸಬೇಕು. ಅವರು ಕದಲದೆ ಕೆಳಗಿನವರು ಕದಲುವುದಿಲ್ಲ.

ಪ್ರಶ್ನೆ: ಹೊಸ ಆ್ಯಪ್‌ಗೆ ಬಜೆಟ್ ಹೇಗೆ ಹಾಕಬೇಕು? ಉಚಿತದ್ದು ಸಾಲದೇ?
— ಓದುಗರು, ರಾಜಾಜಿನಗರ

ಉಚಿತ ಪ್ಲಾನಿನ ಮಿತಿ ಓದಿ. ಸ್ಲ್ಯಾಕ್‌ನ ಉಚಿತ ಪ್ಲಾನಿನಲ್ಲಿ ಕಾಣುವುದು ಕಳೆದ 90 ದಿನದ ಸಂದೇಶ ಮಾತ್ರ, ಒಂದು ವರ್ಷಕ್ಕಿಂತ ಹಳೆಯದು ಅಳಿಸಿಹೋಗುತ್ತದೆ. ದುಡ್ಡು ಕೊಡುವುದಾದರೆ, ಉದಾಹರಣೆಗೆ ಒಬ್ಬರಿಗೆ ತಿಂಗಳಿಗೆ 200 ರೂಪಾಯಿ ಎಂದಿಟ್ಟುಕೊಳ್ಳಿ: 140 ಜನಕ್ಕೆ 28,000, ಶೇ 18 ಜಿಎಸ್‌ಟಿ ಸೇರಿ 33,040. ಎರಡೂ ಆ್ಯಪ್‌ಗಳು ಜೊತೆಗಿರುವ ಅವಧಿಯ ಹಳೆಯ ಬಿಲ್ಲನ್ನೂ ಕೂಡಿಸಿ. ವಿದೇಶಿ ಕಂಪನಿ ಜಿಎಸ್‌ಟಿ ಇಲ್ಲದ ಬಿಲ್ ಕಳಿಸಿದರೆ ರಿವರ್ಸ್ ಚಾರ್ಜ್‌ನಲ್ಲಿ ನೀವೇ ಕಟ್ಟಬೇಕಾಗುತ್ತದೆ, ಆಡಿಟರ್ ಜೊತೆ ಮಾತಾಡಿ. ನಿಮ್ಮಲ್ಲೇ ಸರ್ವರ್ ನೋಡಿಕೊಳ್ಳುವವರಿದ್ದರೆ ಮುಕ್ತ ತಂತ್ರಾಂಶ ಜುಲಿಪ್ ಇದೆ, ಸ್ಲ್ಯಾಕ್‌ನಿಂದ ಇಳಿಸಿದ ಸಂದೇಶಗಳನ್ನು ಅದು ತನ್ನೊಳಗೆ ತೆಗೆದುಕೊಳ್ಳುತ್ತದೆ. ನೋಡಿಕೊಳ್ಳುವವರಿಲ್ಲದಿದ್ದರೆ ಆ ದಾರಿ ಬೇಡ. ಯಾವುದನ್ನೇ ಕೊಂಡರೂ ಪ್ರಯೋಗದ ಅವಧಿಯಲ್ಲಿಯೇ ನೂರು ಸಂದೇಶ ಹಾಕಿ, ಪೂರ್ತಿ ಇಳಿಸಿಕೊಂಡು, ತೆರೆದು ನೋಡಿ.

ಪ್ರಶ್ನೆ: ಎಲ್ಲ ಮುಗಿದ ಮೇಲೆ ಹಳೆಯ ಖಾತೆಯನ್ನು ಹಾಗೇ ಬಿಡಬಹುದೇ?
— ಓದುಗರು, ಯಲಹಂಕ

ಬಿಡಬೇಡಿ. ಕಾರ್ಡಿನ ಆಟೊ ಡೆಬಿಟ್ ರದ್ದು ಮಾಡಿ, ಬ್ಯಾಂಕಿನ ಆ್ಯಪ್‌ನಲ್ಲಿ ಮ್ಯಾಂಡೇಟ್ ಹೋಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಎಪಿಐ ಟೋಕನ್‌ಗಳನ್ನೆಲ್ಲ (ಬೇರೆ ತಂತ್ರಾಂಶಗಳು ಆ ಖಾತೆಯೊಳಗೆ ಬರಲು ಬಳಸುವ ಕೀಲಿಗಳು) ರದ್ದುಗೊಳಿಸಿ, ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಲು ಹಳೆಯ ಆ್ಯಪ್‌ಗೆ ಕೊಟ್ಟ ಅನುಮತಿ ಹಿಂಪಡೆಯಿರಿ, ನೌಕರರ ಫೋನಿನಿಂದ ಆ್ಯಪ್ ತೆಗೆಸಿ. ಇದೆಲ್ಲ ಮಾಡುವ ಮೊದಲು ಕೊನೆಯ ವಾರಗಳ ಸಂದೇಶಗಳಿಗಾಗಿ ಇನ್ನೊಂದು ಸಲ ಡೇಟಾ ಇಳಿಸಿಕೊಳ್ಳಿ, ಮೊದಲ ಜಿಪ್‌ನಲ್ಲಿ ಅವು ಇರುವುದಿಲ್ಲ.