ಯುಎಸ್‌ಪಿಎಸ್‌ಎ ಮ್ಯಾಚಿಗೆ 9 ಎಂಎಂ ರೌಂಡ್ ಎಷ್ಟು ಹಗುರ ಮಾಡಿಕೊಳ್ಳಬಹುದು?

ಯುಎಸ್‌ಪಿಎಸ್‌ಎ ಅಂದರೆ ಅಮೆರಿಕದ ಪಿಸ್ತೂಲು ಶೂಟಿಂಗ್ ಸ್ಪರ್ಧೆಗಳ ಸಂಸ್ಥೆ. ಅದರ ಮ್ಯಾಚಿಗೆ ಮನೆಯಲ್ಲೇ ರೌಂಡ್ (ಕೇಸ್ ಅನ್ನೋ ಲೋಹದ ಕೊಳವೆ, ಪೌಡರ್, ಗುಂಡು ಎಲ್ಲ ಸೇರಿದ ತೋಟಾ) ತಯಾರಿಸೋವಾಗ, ಒದೆತ ಕಡಿಮೆ ಆಗಲಿ ಅಂತ ಪೌಡರ್ ಇಳಿಸುತ್ತಾ ಹೋಗಬಹುದಾ, ಎಲ್ಲಿಗೆ ನಿಲ್ಲಿಸಬೇಕು ಅಂತ ಕೇಳಿದ್ದೀರಿ. ಗ್ರೀನ್ ಕಾರ್ಡ್ ಬಂದ ಮೇಲೆ ಮೊದಲ ಪಿಸ್ತೂಲು, ತಿಂಗಳಿಗೊಂದು ಕ್ಲಬ್ ಮ್ಯಾಚ್, ಗ್ಯಾರೇಜಿನಲ್ಲಿ ರೌಂಡ್ ತಯಾರಿಸೋ ಹೊಸ ಪ್ರೆಸ್. ನಾನೂ ಇಲ್ಲಿ ಓಹಾಯೋದಲ್ಲಿ ಹೀಗೇ ಶುರು ಮಾಡಿದ್ದು. ಎಚ್-1ಬಿ ವೀಸಾದಲ್ಲಿದ್ದಾಗ ಪಿಸ್ತೂಲು ಬಿಡಿ, ಒಂದು ರೌಂಡ್ ಇಟ್ಟುಕೊಳ್ಳೋದಕ್ಕೂ ಫೆಡರಲ್ ಕಾನೂನಿನ ಅಡ್ಡಿ, ಹಂಟಿಂಗ್ ಲೈಸೆನ್ಸ್‌ನಂಥ ವಿನಾಯಿತಿ ಇದ್ದರೆ ಮಾತ್ರ ದಾರಿ. ಊರಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ರೌಂಡ್ ತಯಾರಿಸೋ ಹಾಗೇ ಇಲ್ಲ. ಅದಕ್ಕೇ ಕೈಗೆ ಸಿಕ್ಕಾಗ ಆಸೆ ಜಾಸ್ತಿಯಾಗುತ್ತದೆ. ನನಗೂ ಆಗಿತ್ತು.

ನಿಮ್ಮ ಲೆಕ್ಕವೇ ನನ್ನದೂ ಆಗಿತ್ತು. ಮ್ಯಾಚಿನಲ್ಲಿ ರೌಂಡಿನ ಬಲ ಅಳೆಯೋ ಸಂಖ್ಯೆಗೆ ಪವರ್ ಫ್ಯಾಕ್ಟರ್ ಅಂತಾರೆ, ಅದರಲ್ಲಿ ಕೆಳಗಿನ ದರ್ಜೆಯಾದ ಮೈನರ್‌ಗೆ 125 ಸಾಕು. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ (ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ) ತೆಗೆದುಕೊಂಡು, ವೇಗವನ್ನು ಸೆಕೆಂಡಿಗೆ ಎಷ್ಟು ಅಡಿ ಅಂತ ತೆಗೆದುಕೊಂಡು, ಗುಣಿಸಿ 1000ದಿಂದ ಭಾಗಿಸಿದರೆ ಬರೋ ಸಂಖ್ಯೆ ಅದು. 147 ಗ್ರೇನ್ ಗುಂಡು 860 ಅಡಿ ವೇಗದಲ್ಲಿ ಹೋದರೆ 126.4. ಜುಲೈ ತಿಂಗಳ ಒಂದು ಮಧ್ಯಾಹ್ನ ಗುಂಡಿನ ವೇಗ ಅಳೆಯೋ ಕ್ರೋನೋಗ್ರಾಫ್ ಮುಂದೆ ಹೊಡೆದು ನೋಡಿದೆ, ಸರಾಸರಿ ಹೆಚ್ಚುಕಡಿಮೆ ಅಷ್ಟೇ ಬಂತು. ಪಿಸ್ತೂಲು ಕೈಯಲ್ಲಿ ಅಲುಗಾಡಿದ್ದೇ ಗೊತ್ತಾಗುತ್ತಿರಲಿಲ್ಲ. ಖಾಲಿ ಕೇಸುಗಳು ಮಾತ್ರ ಬಲಕ್ಕೆ ಹಾರಿ ಹೋಗದೆ ನನ್ನ ಶೂ ಪಕ್ಕದಲ್ಲೇ ಉದುರುತ್ತಿದ್ದವು. ಬಗ್ಗಿ ಆರಿಸೋದು ಸುಲಭ ಆಯಿತು ಅಂತ ಖುಷಿಪಟ್ಟೆ. ಸ್ಲೈಡ್, ಅಂದರೆ ಹೊಡೆದಾಗ ಹಿಂದೆ ಸರಿದು ಖಾಲಿ ಕೇಸನ್ನು ಹೊರಗೆ ಎಸೆಯೋ ಪಿಸ್ತೂಲಿನ ಮೇಲ್ಭಾಗ, ಪೂರ್ತಿ ಹಿಂದೆ ಹೋಗೋಕೆ ತಿಣುಕಾಡುತ್ತಿದೆ ಅನ್ನೋದಕ್ಕೆ ಆ ಕೇಸುಗಳೇ ಸಾಕ್ಷಿ, ಅದನ್ನು ನೋಡಿಯೂ ನೋಡಲಿಲ್ಲ.

ನವೆಂಬರ್ ಮ್ಯಾಚಿನ ದಿನ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಎರಡು ಕೈಯಲ್ಲಿ ಹೊಡೆದಾಗ ಏನೂ ತೊಂದರೆ ಆಗಲಿಲ್ಲ. ಎಡಗೈಯಲ್ಲಿ ಮಾತ್ರ ಹೊಡೆಯೋ ಸರದಿ ಬಂತು ನೋಡಿ, ಖಾಲಿ ಕೇಸ್ ಹೊರಗೆ ಹಾರದೆ ಸ್ಲೈಡಿನ ಬಾಯಲ್ಲಿ ನೆಟ್ಟಗೆ ನಿಂತುಬಿಟ್ಟಿತು. ಒರೆಸಿ ಹಾಕಿ ಮುಂದುವರಿಸಿದೆ. ಮತ್ತೆ ಅದೇ. ಆಮೇಲೆ ಒಂದು ಹೊಡೆತಕ್ಕೆ 'ಢಂ' ಅನ್ನೋ ಬದಲು ಸಣ್ಣಗೆ 'ಪಟ್' ಅಂತ ಬಂತು. ಇದೂ ಜಾಮೇ ಇರಬೇಕು ಅಂದುಕೊಂಡು ಸ್ಲೈಡ್ ಎಳೆದು ಇನ್ನೊಂದು ರೌಂಡ್ ಏರಿಸಿಯೂ ಆಗಿತ್ತು. ಅಷ್ಟರಲ್ಲಿ ಪಕ್ಕದಲ್ಲೇ ನಿಂತು ನೋಡಿಕೊಳ್ಳೋ ರೇಂಜ್ ಆಫೀಸರ್ 'ಸ್ಟಾಪ್' ಅಂತ ಕೂಗಿದರು. ಬಿಚ್ಚಿ ನೋಡಿದರೆ ಗುಂಡು ಬ್ಯಾರೆಲ್ ನಡುವೆ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದನ್ನು ಹೊಡೆದಿದ್ದರೆ ಬ್ಯಾರೆಲ್ ಉಬ್ಬುತ್ತಿತ್ತು, ಇಲ್ಲವೇ ಸೀಳುತ್ತಿತ್ತು. ಗುಂಡು ನಿಜವಾಗಿ ಸಿಕ್ಕಿಕೊಂಡಿದ್ದರೆ ಆ ಸ್ಟೇಜಿಗೆ (ಮ್ಯಾಚಿನ ಆ ಒಂದು ಸುತ್ತಿಗೆ) ಮರುಅವಕಾಶ ಇಲ್ಲ, ಅಲ್ಲಿವರೆಗೆ ಹೊಡೆದದ್ದಷ್ಟೇ ಲೆಕ್ಕ. ಸ್ಕೋರ್ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ ನಿಂತಿದ್ದರು ಅನ್ನೋದು ಇವತ್ತಿಗೂ ಕಾಡುತ್ತದೆ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವು ಈಗ ಅದೇ ಜಾಗದಲ್ಲಿ ನಿಂತಿದ್ದೀರಿ. ನಾನು ಸರಾಸರಿಯನ್ನು ನಂಬಿದೆ. ಸರಾಸರಿ ವೇಗಕ್ಕೆ, ಬಿಸಿಲಿನಲ್ಲಿ, ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು, ಶುಚಿಯಾದ ಪಿಸ್ತೂಲಿನಲ್ಲಿ ನಡೆದದ್ದು ಎಲ್ಲ ಕಡೆ ನಡೆಯುತ್ತದೆ ಅಂದುಕೊಂಡೆ. 9 ಎಂಎಂಗೆ ವೇಗವಾಗಿ ಉರಿಯೋ ಪೌಡರ್ ಮೂರು ಗ್ರೇನ್ ಚಿಲ್ಲರೆ ಹಾಕುತ್ತೀರಿ ಅಂತಿಟ್ಟುಕೊಳ್ಳಿ. 0.1 ಗ್ರೇನ್ ಅಂದರೆ 6.5 ಮಿಲಿಗ್ರಾಂ, ಸುಮಾರು ಎರಡು ಎಳ್ಳಿನ ತೂಕ. ಅಷ್ಟು ಆಚೆ ಈಚೆ ಆದರೆ ಮೂರು ಪರ್ಸೆಂಟ್ ವ್ಯತ್ಯಾಸ. ಅಳತೆ ಸಣ್ಣದಾದಷ್ಟೂ ಅದೇ ಏರುಪೇರು ದೊಡ್ಡದಾಗಿ ಕಾಣುತ್ತದೆ. ನನ್ನ ಪೌಡರ್ ಚಕ್ಕೆ ಚಕ್ಕೆಯಾಗಿತ್ತು, ಅದು ಅಳತೆ ಡಬ್ಬಿಯಿಂದ ಒಂದೇ ಸಮನೆ ಬೀಳುವುದಿಲ್ಲ, ಸಣ್ಣ ಅಳತೆಯಲ್ಲಿ ಒಮ್ಮೊಮ್ಮೆ ನಡುವೆಯೇ ಕಟ್ಟಿಕೊಳ್ಳುತ್ತದೆ. ಆ 'ಪಟ್' ಅಂದ ಕೇಸಿಗೆ ಪೌಡರ್ ಬಿದ್ದಿದ್ದರೂ ಚೂರುಪಾರು ಅಷ್ಟೇ. ಕೇಸಿನ ತಳದಲ್ಲಿ ಅಷ್ಟು ಕಡಿಮೆ ಪೌಡರ್ ಇದ್ದಾಗ ಸರಿಯಾಗಿದೆಯಾ, ಅರ್ಧ ಇದೆಯಾ ಅಂತ ಒಂದು ನೋಟಕ್ಕೆ ಗೊತ್ತಾಗುವುದಿಲ್ಲ. ಎರಡು ಸಲ ಬಿದ್ದರೂ ಒಳಗೇ ಹಿಡಿಸುತ್ತದೆ, ಅದು ಇನ್ನೂ ಅಪಾಯ. ಇದರ ಮೇಲೆ ಚಳಿ. ಪೌಡರ್‌ನ ವೇಗ ಹವೆಗೆ ತಕ್ಕಂತೆ ಬದಲಾಗುತ್ತದೆ, ಎಣ್ಣೆಯೂ ಗಟ್ಟಿಯಾಗುತ್ತದೆ. ಅದರ ಮೇಲೆ ಸಡಿಲ ಎಡಗೈ. ಸ್ಲೈಡ್ ಹಿಂದೆ ಬರೋವಾಗ ಪಿಸ್ತೂಲಿನ ಮೈ ಗಟ್ಟಿಯಾಗಿ ನಿಂತಿರಬೇಕು, ಮಣಿಕಟ್ಟು ಬಗ್ಗಿದರೆ ಆ ಶಕ್ತಿ ಕೈಗೇ ಹೋಗುತ್ತದೆ. ಸ್ಲೈಡನ್ನು ವಾಪಸ್ ಮುಂದಕ್ಕೆ ತಳ್ಳೋ ಸ್ಪ್ರಿಂಗ್ ಮಾತ್ರ ಕಂಪನಿ ಹಾಕಿಕೊಟ್ಟದ್ದೇ, ಫ್ಯಾಕ್ಟರಿ ರೌಂಡಿನ ಒದೆತಕ್ಕೆ ತಕ್ಕದ್ದು. ಒಂದೊಂದಾಗಿ ಬಂದಿದ್ದರೆ ಪಿಸ್ತೂಲು ತಡೆದುಕೊಳ್ಳುತ್ತಿತ್ತು. ಎಲ್ಲವೂ ಒಂದೇ ಬೆಳಗ್ಗೆ ಬಂದವು, ನಾನು ಒಂದಕ್ಕೂ ಜಾಗ ಬಿಟ್ಟಿರಲಿಲ್ಲ.

ಹಾಗಾಗಿ ಎಷ್ಟು ಹಗುರ ಮಾಡಬಹುದು ಅನ್ನೋ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಬೇಜಾರು ಮಾಡಿಕೊಳ್ಳಬೇಡಿ. 126ಕ್ಕೂ 131ಕ್ಕೂ ಇರೋ ವ್ಯತ್ಯಾಸದಿಂದ ನಮ್ಮಂಥವರು ಯಾರೂ ಮ್ಯಾಚ್ ಸೋಲುವುದಿಲ್ಲ. ಜಾಮ್ ಆದರೆ ಸೋಲುತ್ತೇವೆ. ಸ್ಕೋರ್ ಅಂದರೆ ಪಾಯಿಂಟನ್ನು ಸೆಕೆಂಡಿನಿಂದ ಭಾಗಿಸೋದು ಅಲ್ವಾ? 160 ಪಾಯಿಂಟನ್ನು 20 ಸೆಕೆಂಡಿನಲ್ಲಿ ಮುಗಿಸಿದರೆ 8. ಜಾಮ್ ಬಿಡಿಸೋಕೆ 4 ಸೆಕೆಂಡ್ ಹೋದರೆ 6.67. ಒದೆತ ಇಳಿಸಿ ಇಷ್ಟನ್ನು ವಾಪಸ್ ಗಳಿಸೋಕೆ ಆಗುವುದಿಲ್ಲ. ಕ್ಲಬ್ ಮ್ಯಾಚಿನಲ್ಲಿ ಕ್ರೋನೋ ಇಡುವುದಿಲ್ಲ, ಯಾರು ನೋಡುತ್ತಾರೆ ಅನ್ನೋ ಮಾತೂ ಬೇಡ. ದೊಡ್ಡ ಮ್ಯಾಚಿಗೆ ಹೋದ ದಿನ ನಿಮ್ಮ ರೌಂಡ್ ತೆಗೆದುಕೊಂಡು, ಗುಂಡು ಕಿತ್ತು ತೂಗಿ, ಹೊಡೆದು ವೇಗ ನೋಡುತ್ತಾರೆ. 125ಕ್ಕಿಂತ ಕೆಳಗೆ ಬಂದರೆ ಇಡೀ ಮ್ಯಾಚ್ ಹೊಡೆಯಬಹುದು, ಸ್ಕೋರ್ ಮಾತ್ರ ಇಲ್ಲ.

ಕೈಗೆ ಮೆತ್ತಗೆ ಅನಿಸಬೇಕಾ? ಭಾರದ ಗುಂಡು, ವೇಗವಾಗಿ ಉರಿಯೋ ಪೌಡರ್, ಪವರ್ ಫ್ಯಾಕ್ಟರ್ 130ರ ಆಸುಪಾಸು. 147 ಗ್ರೇನಿಗೆ 890 ಅಡಿ ಬಂದರೆ 130.8. ಅದೇ ಫ್ಯಾಕ್ಟರಿಗೆ 115 ಗ್ರೇನ್ ಗುಂಡನ್ನು 1130 ಅಡಿಗೂ ಮೇಲೆ ಓಡಿಸಬೇಕು, ಪೌಡರ್ ಜಾಸ್ತಿ, ಸಿಡಿತವೂ ಜಾಸ್ತಿ. ಪೌಡರ್ ಎಷ್ಟು ಗ್ರೇನ್ ಅಂತ ನಾನು ಬರೆಯುವುದಿಲ್ಲ, ಬೇರೆಯವರು ಬರೆದರೂ ನಂಬಬೇಡಿ. ನಿಮ್ಮ ಗುಂಡಿಗೂ ನಿಮ್ಮ ಪೌಡರಿಗೂ ರೌಂಡ್ ತಯಾರಿಕೆಯ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರೋ ಆರಂಭದ ಅಳತೆಗಿಂತ ಕೆಳಗೆ ಇಳಿಯಬೇಡಿ, ಅಷ್ಟೇ. ಗುಂಡನ್ನು ಅಲ್ಲಿ ಹೇಳಿದ ಉದ್ದಕ್ಕಿಂತ ಒಳಗೆ ತಳ್ಳಬೇಡಿ, ಒತ್ತಡ ತಟ್ಟನೆ ಏರುತ್ತದೆ. ಪ್ರತಿ ಕೇಸಿನ ಒಳಗೂ ಬೆಳಕು ಬಿಟ್ಟು ನೋಡಿ, ಆಮೇಲೇ ಗುಂಡು ಕೂರಿಸಿ. ಟಿವಿ ನೋಡುತ್ತಾ ಪ್ರೆಸ್ ಎಳೆಯೋದು ಬೇಡವೇ ಬೇಡ.

ಇಲ್ಲಿ ಈರೀ ಸರೋವರದ ದಡದಲ್ಲಿರೋ ಕ್ಯಾಂಪ್ ಪೆರ್ರಿಗೆ ಒಮ್ಮೆ ಹೋಗಿ ಹಳೇ ಬುಲ್ಸ್‌ಐ ಶೂಟರ್‌ಗಳನ್ನು, ಅಂದರೆ ಕಾಗದದ ಗುರಿಯ ನಡುವಿಗೇ ಹೊಡೆಯೋ ಸ್ಪರ್ಧೆಯವರನ್ನು ನೋಡಿ. ಹಗುರ ರೌಂಡಿನ ಗುರುಗಳು ಅವರೇ. .38 ಸ್ಪೆಷಲ್ ಅನ್ನೋ ರೌಂಡಿನಲ್ಲಿ 148 ಗ್ರೇನಿನ ಚಪ್ಪಟೆ ಮೂತಿಯ ವಾಡ್‌ಕಟರ್, ನಿಧಾನಕ್ಕೆ ಹೋಗಿ ಕಾಗದದಲ್ಲಿ ದುಂಡಗೆ ತೂತು ಮಾಡುತ್ತದೆ. ಆ ಒಂದು ರೌಂಡಿಗೋಸ್ಕರವೇ ಸ್ಮಿತ್ ಆಂಡ್ ವೆಸನ್ 1961ರಲ್ಲಿ ಮಾಡೆಲ್ 52 ಅನ್ನೋ ಪಿಸ್ತೂಲನ್ನು ತಂದಿತು. ರೌಂಡ್ ಹಗುರ ಮಾಡಿದವರು ಪಿಸ್ತೂಲನ್ನೂ ಅದಕ್ಕೆ ತಕ್ಕ ಹಾಗೆ ಮಾಡಿದರು. ನೀವೂ ಅಷ್ಟು ಮಾಡಿ, ಮೊದಲು ಪ್ರೆಸ್ ಬಿಟ್ಟು ಸ್ಪ್ರಿಂಗ್ ಕಡೆ ನೋಡಿ. ಒಂದೆರಡು ಪೌಂಡ್ ಕಡಿಮೆ ಬಿಗುವಿನದ್ದು ಹಾಕಿ, ಆದರೆ ಸ್ಲೈಡ್ ಪ್ರತಿ ಸಲವೂ ಪೂರ್ತಿ ಮುಚ್ಚಿಕೊಳ್ಳುತ್ತಾ ಅಂತ ನೋಡಿಕೊಳ್ಳಿ.

ಆಮೇಲೆ ಚಳಿ ಬೆಳಗ್ಗೆ ಹೋಗಿ, ತೊಳೆಯದ ಪಿಸ್ತೂಲಿನಲ್ಲಿ, ಮ್ಯಾಗಝೀನ್ ತುಂಬಿ, ಎಡಗೈಯಲ್ಲಿ ಬೇಕಂತಲೇ ಸ್ವಲ್ಪ ಸಡಿಲ ಹಿಡಿದು ಹೊಡೆಯಿರಿ. ಕೇಸ್ ಎಷ್ಟು ದೂರ ಬೀಳುತ್ತದೆ, ಕೊನೇ ರೌಂಡಿಗೆ ಸ್ಲೈಡ್ ಹಿಂದೆ ನಿಲ್ಲುತ್ತದಾ ನೋಡಿ. ಸದ್ದು ಒಂಚೂರು ಸಪ್ಪೆ ಅನಿಸಿದರೂ ಟ್ರಿಗರ್ ಬಿಡಿ, ಪಿಸ್ತೂಲು ಖಾಲಿ ಮಾಡಿ, ಬಿಚ್ಚಿ ಬ್ಯಾರೆಲ್ ಒಳಗೆ ನೋಡಿ. ಯಾವ ಪಿಸ್ತೂಲು, ಎಷ್ಟು ಪೌಂಡಿನ ಸ್ಪ್ರಿಂಗ್, ಯಾವ ಗುಂಡು ಅಂತ ಕೆಳಗೆ ಬರೆಯಿರಿ, ಸ್ಪ್ರಿಂಗ್ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ.